ರಾಜ ದೊಡ್ಡವನಾದದ್ದು ಯಾವಾಗ?

ಹೋದ ಮಳೆಗಾಲದಲ್ಲಿ ಭೀಮರಾಯನಗುಡಿಯಲ್ಲಿ ನಾವು ಐದಾರು ಮಂದಿ ಭಾನುವಾರಕ್ಕೊಮ್ಮೆ ಕೂತು ಒಂದು ಪುಸ್ತಕ ಓದುತ್ತಿದ್ದೆವು. ಮೆಡೋಸ್ ಟೇಲರನ ಆತ್ಮಕಥೆ, ‘ದಿ ಸ್ಟೋರಿ ಆಫ್ ಮೈ ಲೈಫ್’. ಸುರಪುರ ನಮ್ಮಿಂದ ದೂರವಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಟೇಲರ್ ಕಟ್ಟಿಸಿಕೊಂಡ ಬಂಗಲೆ, ಜನ ಈಗಲೂ ಟೇಲರ್ ಮಂಜಿಲ್ ಎಂದೇ ಕರೆಯುವುದನ್ನು, ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಹಾಗಾಗಿ ಓದು ಒಂದು ರೀತಿಯಲ್ಲಿ ನೆರೆಮನೆಯ ಕಥೆ ಕೇಳಿದಂತೆ ಸಾಗುತ್ತಿತ್ತು. ಪುಸ್ತಕ ಮುಗಿಯುತ್ತ ಬಂದಾಗ ಬಿ.ಎ. ಓದುವ ಹುಡುಗಿಯೊಬ್ಬಳು ಕೇಳಿದಳು: “ಸರ್, ಈ ಪುಸ್ತಕದಾಗ ರಾಜಾ ದೊಡ್ಡಾಂವ ಆಗೋದು ಯಾವಾಗ್ರಿ?”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಪುಟ ತಿರುವಿ ನೋಡಿದೆ. ಏಳೆಂಟು ವರ್ಷದ ಹುಡುಗನಾಗಿ ರಾಜ ಪುಸ್ತಕದೊಳಗೆ ಬರುತ್ತಾನೆ. ಕುದುರೆ ಹತ್ತಿ ಆಡುವ ಬಾಲಕನಾಗುತ್ತಾನೆ, ಕೆಟ್ಟವರ ಸಹವಾಸಕ್ಕೆ ಬಿದ್ದ ತರುಣನಾಗುತ್ತಾನೆ, ಆಮೇಲೆ ಸೆರೆಯಾಳಾಗಿ ಸಾಯುತ್ತಾನೆ. ನಡುವೆ ಎಲ್ಲಿಯೂ ‘ಗಂಡಸಾದ’ ಎಂದು ಬೆರಳಿಟ್ಟು ತೋರಿಸುವ ಪುಟ ಸಿಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಒಂದು ಪುಸ್ತಕದ ವಿಮರ್ಶೆ. ಜೊತೆಗೆ, ಮನುಷ್ಯನ ಬಾಳನ್ನು ಹಂತಹಂತವಾಗಿ ಎಣಿಸುವ ನಮ್ಮ ಹಳೆಯ ರೂಢಿಯ ಬಗೆಗೂ ಒಂದೆರಡು ಮಾತು.

ಬಾಳನ್ನು ಮೆಟ್ಟಿಲುಗಳಾಗಿ ನೋಡುವುದು ಎಲ್ಲ ಕಡೆ ಇದೆ. ನಮ್ಮಲ್ಲಿ ಶೈಶವ, ಬಾಲ್ಯ, ಯೌವನ, ವಾರ್ಧಕ್ಯ ಎಂದು ಎಣಿಸುತ್ತಾರೆ. ಆಶ್ರಮಗಳು ನಾಲ್ಕು ಎನ್ನುತ್ತಾರೆ. ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ ನಾಟಕದ ಜೇಕ್ವಿಸ್ ಏಳು ಹಂತ ಎಣಿಸುತ್ತಾನೆ: ಕೂಸು, ಶಾಲೆಗೆ ಹೋಗಲೊಲ್ಲದ ಹುಡುಗ, ಪ್ರೇಮಿ, ಸೈನಿಕ, ನ್ಯಾಯ ಹೇಳುವ ದೊಡ್ಡ ಮನುಷ್ಯ, ಸೊರಗಿದ ಮುದುಕ, ಕೊನೆಗೆ ಹಲ್ಲಿಲ್ಲದ, ಕಣ್ಣಿಲ್ಲದ ಮತ್ತೊಂದು ಕೂಸು. ಇಂಥ ಎಣಿಕೆಗಳನ್ನು ಓದುವಾಗ ನಾವು ಎಲ್ಲರ ಬಾಳಿಗೂ ಇದು ಹೊಂದುತ್ತದೆ ಎಂದುಕೊಳ್ಳುತ್ತೇವೆ. ಆದರೆ ಸ್ವಲ್ಪ ನಿಂತು ನೋಡಿದರೆ ಜೇಕ್ವಿಸನ ಪಟ್ಟಿಯಲ್ಲಿ ಹೆಣ್ಣಿಲ್ಲ. ಕೂಸನ್ನು ಎತ್ತಿಕೊಂಡ ದಾದಿಯಾಗಿ, ಪ್ರೇಮಿಯ ನಲ್ಲೆಯಾಗಿ ಬಂದಷ್ಟೇ ಅವಳ ಪಾತ್ರ. ನಾಲ್ಕು ಆಶ್ರಮಗಳ ಲೆಕ್ಕದಲ್ಲಿ ಹೊಲ ಉಳುವವನೂ ಬಟ್ಟೆ ನೇಯುವವನೂ ಇಲ್ಲ. ಮೆಟ್ಟಿಲು ಇದೆ ಎಂದರೆ ಅದನ್ನು ಕಟ್ಟಿದವರೂ ಇದ್ದಾರೆ, ಯಾರು ಎಷ್ಟನೆಯ ಮೆಟ್ಟಿಲವರೆಗೆ ಹತ್ತಬಹುದು ಎಂದು ಕಾಯುವವರೂ ಇದ್ದಾರೆ. ಟೇಲರನ ಪುಸ್ತಕವನ್ನು ನಾನು ಈ ಅನುಮಾನ ಇಟ್ಟುಕೊಂಡು ಓದಬೇಕೆಂದು ಹೇಳುತ್ತೇನೆ.

ಮೊದಲು ಟೇಲರನ ಬಾಳು. ಅವನು ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. 15 ವರ್ಷದ ಹುಡುಗನಾಗಿ 1824ರಲ್ಲಿ ಮುಂಬಯಿಗೆ ಹಡಗಿನಿಂದ ಇಳಿದ. ಒಬ್ಬ ವ್ಯಾಪಾರಿಯ ಕೋಠಿಯಲ್ಲಿ ಕೆಲಸ, ಮುಂದೆ ಪಾಲುದಾರಿಕೆ ಎಂದು ನಂಬಿ ಬಂದಿದ್ದ. ಆ ವ್ಯಾಪಾರ ನೆಲಕಚ್ಚಿತ್ತು. ಬಂಧುವೊಬ್ಬರ ಪ್ರಭಾವದಿಂದ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯಾಗಿ ಸೇರಿಕೊಂಡ. ಮೀಸೆ ಸರಿಯಾಗಿ ಮೂಡುವ ಮೊದಲೇ ಒಂದು ಸೀಮೆಯ ಪೊಲೀಸು ಉಸ್ತುವಾರಿ ಅವನ ಹೆಗಲಿಗೆ ಬಿತ್ತು. ಆಮೇಲೆ ಮದುವೆ, ಮಕ್ಕಳು, ಹೆಂಡತಿಯ ಸಾವು. ಠಕ್ಕರ ಬಗ್ಗೆ 1839ರಲ್ಲಿ ಬರೆದ ಕಾದಂಬರಿ ಇಂಗ್ಲೆಂಡಿನಲ್ಲಿ ಹೆಸರು ತಂದಿತು. 1841ರಲ್ಲಿ ಸುರಪುರಕ್ಕೆ ಬಂದ, 1853ರವರೆಗೆ ಇಲ್ಲಿದ್ದ. 1860ರಲ್ಲಿ ಆರೋಗ್ಯ ಕೆಟ್ಟು ಕೆಲಸ ಬಿಟ್ಟು ಹೋದ. 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದಾಗ ಕಣ್ಣು ಹೋಯಿತು. 1876ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ಫ್ರಾನ್ಸಿನ ಮಾಂತೋನಿನಲ್ಲಿ ತೀರಿಕೊಂಡ. ಆತ್ಮಕಥೆ 1877ರಲ್ಲಿ, ಮಗಳ ಸಂಪಾದನೆಯಲ್ಲಿ ಹೊರಬಂತು.

ಜೇಕ್ವಿಸನ ಏಳು ಹಂತಗಳ ಪಕ್ಕ ಇದನ್ನಿಟ್ಟು ನೋಡಿ. ಹುಡುಗ, ಪ್ರೇಮಿ, ಸೈನಿಕ, ನ್ಯಾಯಾಧಿಕಾರಿ, ಕಣ್ಣು ಹೋದ ಮುದುಕ, ಎಲ್ಲವೂ ಇವೆ. ಕೊನೆಗೆ ಮಗಳ ಕೈ ಹಿಡಿದು ನಡೆಯುವ ಎರಡನೆಯ ಬಾಲ್ಯವೂ ಇದೆ. ಬಾಳಿನ ಯಾವ ಮೆಟ್ಟಿಲೂ ಇವನಿಗೆ ತಪ್ಪಲಿಲ್ಲ. 15ಕ್ಕೆ ಮುಳುಗಿದ ಕೋಠಿಯ ಬಾಗಿಲಲ್ಲಿ ನಿಂತ ಹುಡುಗನನ್ನು ಯಾರೂ ‘ಇವನಿನ್ನೂ ಚಿಕ್ಕವನು’ ಎಂದು ತಡೆಯಲಿಲ್ಲ. 20 ದಾಟುವ ಮೊದಲೇ ಅವನ ಮಾತಿನಿಂದ ಜನ ಸೆರೆಗೆ ಹೋಗುತ್ತಿದ್ದರು. ಅದನ್ನು ಓದುವಾಗ ನಮಗೆ ಹೆಮ್ಮೆಯೇ ಅನಿಸುತ್ತದೆ, ಭಲೇ ಹುಡುಗ ಅನ್ನುತ್ತೇವೆ. ಈ ಹೆಮ್ಮೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಸುರಪುರದ ಹುಡುಗ. ಬೇಡ ನಾಯಕರ ಸಂಸ್ಥಾನದ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಚಿಕ್ಕವನು. ಸಂಸ್ಥಾನ ಸಾಲದಲ್ಲಿ ಮುಳುಗಿತ್ತು, ನಿಜಾಮನಿಗೆ ಕೊಡಬೇಕಾದ ಹಣ ಬಾಕಿ ಇತ್ತು. ಆಡಳಿತ ಯಾರ ಕೈಯಲ್ಲಿರಬೇಕು ಎಂಬುದಕ್ಕೆ ತಾಯಿ ರಾಣಿ ಈಶ್ವರಮ್ಮನಿಗೂ ರಾಜಮನೆತನದ ಪಿಡ್ಡ ನಾಯಕನಿಗೂ ಜಗಳ. ಹೈದರಾಬಾದಿನ ರೆಸಿಡೆಂಟ್ ಜನರಲ್ ಫ್ರೇಜರ್ ಇದನ್ನು ಸರಿಪಡಿಸಲು ಟೇಲರನನ್ನು ಕಳಿಸಿದ. ಟೇಲರ್ ಲೆಕ್ಕಪತ್ರ ಹಿಡಿದ, ಸಾಲ ತೀರಿಸಿದ, ಕೆರೆ ಕೆಲಸ ಮಾಡಿಸಿದ. ಇಂದು ಹಕ್ಕಿ ನೋಡಲು ಜನ ಹೋಗುವ ಬೋನಾಳ ಕೆರೆಯಲ್ಲಿ ಅವನ ಕೈಯೂ ಇದೆ. ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನೂ ರಾಜನ ಕೋಳೂರಿನ ಕಲ್ಲುಮನೆಗಳನ್ನೂ ಕುರಿತು ಬರೆದು ಹೊರಜಗತ್ತಿಗೆ ತಿಳಿಸಿದವನೂ ಅವನೇ. ಈ ಸೀಮೆಯ ಬಗ್ಗೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ. ಅದನ್ನು ಅಲ್ಲಗಳೆಯುವ ವಿಮರ್ಶೆ ಸುಲಭ, ಆದರೆ ನ್ಯಾಯವಲ್ಲ.

ಹುಡುಗ ರಾಜ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಇಂಗ್ಲಿಷ್ ಪುಸ್ತಕದಲ್ಲಿ ಟೇಲರ್ ಆ ಕನ್ನಡ ಪದವನ್ನು ಹಾಗೇ ಉಳಿಸಿಕೊಂಡಿದ್ದಾನೆ, ತಂದೆ ಎಂಬ ಅರ್ಥದಲ್ಲಿ. ಇಡೀ ಸುರಪುರದ ಭಾಗ ಈ ಒಂದು ಪದದ ಮೇಲೆ ನಿಂತಿದೆ ಅನ್ನಬಹುದು. ತಂದೆ ಇಲ್ಲದ ಮಗ, ಮಗನನ್ನು ಕಂಡುಕೊಂಡ ತಂದೆ. ಈ ಕಥೆ ನಿಲ್ಲಬೇಕಾದರೆ ತಾಯಿ ಕೆಟ್ಟವಳಾಗಬೇಕು. ಹಾಗೆಯೇ ಆಗುತ್ತದೆ. ರಾಣಿ ಈಶ್ವರಮ್ಮ ಪುಸ್ತಕದ ತುಂಬ ಹಟಮಾರಿ, ನಡತೆಗೆಟ್ಟವಳು, ಮಗನನ್ನು ಹಾಳು ಮಾಡಿದವಳು. ಅವಳು ರಾಜ್ಯಕ್ಕಾಗಿ ಹೋರಾಡಿದ ವಿಧವೆಯೂ ಆಗಿದ್ದಳು ಎಂದು ಊಹಿಸಲು ಆ ಪುಟಗಳಲ್ಲಿ ಜಾಗವಿಲ್ಲ. ಗಂಡ ಸತ್ತ ಹೆಣ್ಣಿಗೆ ನಮ್ಮ ಹಳ್ಳಿಗಳಲ್ಲಿ ಸಿಗುವ ಹೆಸರುಗಳೇ ಅವಳಿಗೆ ಇಂಗ್ಲಿಷಿನಲ್ಲೂ ಸಿಕ್ಕಿವೆ.

ಕನ್ನಡದ ಓದುಗನಿಗೆ ಇಲ್ಲಿ ಇನ್ನೊಂದು ಮಾತು ಕೇಳಿಸುತ್ತದೆ. ನಮ್ಮ ಕಡೆ ‘ಅಪ್ಪ’ ಎಂಬುದು ತಂದೆಗೆ ಮಾತ್ರ ಮೀಸಲಲ್ಲ. ಮಠದ ಸ್ವಾಮಿಗಳೂ ಅಪ್ಪ, ಊರ ಹಿರಿಯನೂ ಅಪ್ಪ. ಅಜ್ಜಿ ಮೊಮ್ಮಗನನ್ನು ಊಟಕ್ಕೆ ಕರೆಯುವುದೂ ‘ಬಾರಪ್ಪಾ’ ಎಂದೇ. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಬಸಪ್ಪ, ಮಲ್ಲಪ್ಪ ಎಂದು ಹೆಸರಿಡುತ್ತೇವೆ. ಹುಟ್ಟಿದ ದಿನವೇ ಅವನು ಅಪ್ಪ ಆಗಿಬಿಡುತ್ತಾನೆ. ಈ ರಾಜನ ಹೆಸರೇ ವೆಂಕಟಪ್ಪ, ಅವನ ತಂದೆಯ ಹೆಸರು ಕೃಷ್ಣಪ್ಪ. ಎಳೆಯರಿಗೂ ಮುದುಕರಿಗೂ ಒಂದೇ ಪದ ಸಲ್ಲುವ ಮಾತಿನೊಳಗಿಂದ ಆ ಹುಡುಗ ಟೇಲರನನ್ನು ಕರೆದ. ಅದರಲ್ಲಿ ಪ್ರೀತಿ ಇತ್ತು, ಗೌರವ ಇತ್ತು, ರೂಢಿಯೂ ಇತ್ತು. ಟೇಲರ್ ಕೇಳಿಸಿಕೊಂಡದ್ದು ಒಂದೇ ಅರ್ಥ: ನಾನು ನಿನ್ನ ಮಗು. ಕನ್ನಡ ಬಲ್ಲ, ಜನರ ನಡುವೆ ಬಾಳಿದ ಮನುಷ್ಯ ಹೀಗೆ ಅರ್ಧ ಕೇಳಿಸಿಕೊಂಡನಲ್ಲ ಎಂಬುದು ನನಗೆ ಈ ಪುಸ್ತಕದ ದೊಡ್ಡ ಸಂಗತಿಯಾಗಿ ಕಾಣುತ್ತದೆ.

1853ರಲ್ಲಿ ರಾಜ ಪ್ರಾಯಕ್ಕೆ ಬಂದನೆಂದು ಆಡಳಿತ ಅವನ ಕೈಗೆ ಬಂತು. ಟೇಲರ್ ನಳದುರ್ಗದ ಕಡೆಗೆ ಹೋದ. ಲೆಕ್ಕ ಹಾಕಿದರೆ ರಾಜನಿಗೆ ಆಗ 19ರ ಆಸುಪಾಸು. ಟೇಲರ್ ಅದೇ ವಯಸ್ಸಿಗೆ ಏನಾಗಿದ್ದ ಎಂದು ಮೇಲೆ ನೋಡಿದೆವು. ಆದರೆ ರಾಜನ ಪ್ರಾಯ ಪುಸ್ತಕದಲ್ಲಿ ಪ್ರಾಯವಾಗಿ ಬರುವುದೇ ಇಲ್ಲ. ಅವನು ಕುಡಿದ, ದುಂದು ಮಾಡಿದ, ಕೂಡಿಟ್ಟ ಹಣ ಕರಗಿಸಿದ, ಅವರಿವರ ಮಾತು ಕೇಳಿದ ಎಂದು ಬರುತ್ತದೆ. ಇವೆಲ್ಲ ನಿಜವೇ ಇರಬಹುದು. ಆದರೆ 19ರ ಇಂಗ್ಲಿಷ್ ಹುಡುಗ ತಪ್ಪು ಮಾಡಿದರೆ ಅದು ಅನುಭವ, 19ರ ಬೇಡರ ಹುಡುಗ ತಪ್ಪು ಮಾಡಿದರೆ ಅದು ಇನ್ನೂ ಬೆಳೆಯದಿದ್ದುದಕ್ಕೆ ಸಾಕ್ಷಿ. ಒಂದೇ ಪುಸ್ತಕದಲ್ಲಿ ಎರಡು ಅಳತೆಗೋಲು.

ಇದು ಟೇಲರ್ ಒಬ್ಬನ ಅಳತೆಗೋಲಲ್ಲ. 1859ರಲ್ಲಿ, ಅಂದರೆ ವೆಂಕಟಪ್ಪ ನಾಯಕ ಸತ್ತ ಮರುವರ್ಷ, ಜಾನ್ ಸ್ಟುವರ್ಟ್ ಮಿಲ್ ಸ್ವಾತಂತ್ರ್ಯವನ್ನು ಕುರಿತ ತನ್ನ ಹೆಸರಾಂತ ಪುಸ್ತಕ ಪ್ರಕಟಿಸಿದ. ವ್ಯಕ್ತಿಯ ಸ್ವಾತಂತ್ರ್ಯಕ್ಕಾಗಿ ಅಷ್ಟು ಗಟ್ಟಿಯಾಗಿ ವಾದಿಸುವ ಆ ಪುಸ್ತಕದ ಮೊದಲ ಅಧ್ಯಾಯದಲ್ಲೇ ಒಂದು ಹೊರತು ಇದೆ. ಈ ತತ್ವ ಮಕ್ಕಳಿಗೆ ಅನ್ವಯಿಸುವುದಿಲ್ಲ, ಹಾಗೆಯೇ ಹಿಂದುಳಿದ ಜನಾಂಗಗಳಿಗೂ ಅನ್ವಯಿಸುವುದಿಲ್ಲ, ಏಕೆಂದರೆ ಅವು ಇನ್ನೂ ಅಪ್ರಾಪ್ತ ವಯಸ್ಸಿನಲ್ಲಿವೆ ಎಂಬ ತಾತ್ಪರ್ಯದ ಮಾತು. ಮಿಲ್ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಕೆಲಸ ಮಾಡಿದವನು. ಶೈಶವ, ಬಾಲ್ಯ, ಪ್ರಾಯ ಎಂಬ ದೇಹದ ಹಂತಗಳನ್ನು ಇಡೀ ದೇಶಗಳ ಮೇಲೆ ಹೊರಿಸಿದ್ದು ಹೀಗೆ. ಮಗು ಒಂದಲ್ಲ ಒಂದು ದಿನ ಬೆಳೆಯುತ್ತದೆ, ಅದನ್ನು ಯಾರೂ ತಡೆಯಲಾರರು. ದೇಶ ಬೆಳೆಯಿತೆಂದು ಹೇಳುವ ಅಧಿಕಾರ ಮಾತ್ರ ಪೋಷಕನ ಬಳಿಯೇ ಉಳಿಯಿತು.

ಇನ್ನು ಆ ಜಾತಕದ ಕಥೆ. ಈ ರಾಜ 24ನೆಯ ವರ್ಷದಲ್ಲಿ ಸಾಯುತ್ತಾನೆ ಎಂದು ಅವನು ಹುಟ್ಟಿದಾಗಲೇ ಜಾತಕ ಬರೆದವರು ಹೇಳಿದ್ದರಂತೆ. ಅದು ರಾಣಿಗೆ ಗೊತ್ತಿತ್ತು, ಶಾಸ್ತ್ರಿಗೆ ಗೊತ್ತಿತ್ತು, ಆಮೇಲೆ ಟೇಲರನಿಗೂ ತಿಳಿಯಿತು. ಹುಡುಗನಿಗೆ ಹೇಳಿರಲಿಲ್ಲ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗ ನಡೆಯಿತು, ಕ್ಯಾಪ್ಟನ್ ನ್ಯೂಬೆರಿ ಸತ್ತ, ರಾಜ ಹೈದರಾಬಾದಿಗೆ ಹೋಗಿ ಸೆರೆಸಿಕ್ಕ. ಮರಣದಂಡನೆ ಜೀವಾವಧಿ ಶಿಕ್ಷೆಯಾಯಿತು, ಗವರ್ನರ್ ಜನರಲ್ ಅದನ್ನೂ ಇಳಿಸಿ ಮದ್ರಾಸಿನ ಕಡೆಯ ಕೋಟೆಯಲ್ಲಿ ನಾಲ್ಕು ವರ್ಷ ಸೆರೆ ಎಂದ. ತಿದ್ದಿಕೊಂಡರೆ ಸಂಸ್ಥಾನ ಮರಳಿ ಸಿಗಬಹುದಿತ್ತು. ಅತ್ತ ಕರೆದೊಯ್ಯುವಾಗ ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತ ಎನ್ನುತ್ತಾನೆ ಟೇಲರ್. ಸುರಪುರದ ಕಡೆ ಇದನ್ನು ಆತ್ಮಹತ್ಯೆ ಎಂದು ಒಪ್ಪದವರು ಇಂದಿಗೂ ಇದ್ದಾರೆ. ಅಂತೂ ಜಾತಕದ ಮಾತು ನಿಜವಾಯಿತೆಂದು ಟೇಲರ್ ಬೆರಗಿನಿಂದ ಬರೆಯುತ್ತಾನೆ.

ಈ ಪುಟಗಳನ್ನು ಓದಿದವರು ಜಾತಕದ ಪವಾಡವನ್ನೇ ನೆನಪಿಡುತ್ತಾರೆ. ಕಾದಂಬರಿಕಾರನಾದ ಟೇಲರನಿಗೆ ಅದರ ರುಚಿ ಚೆನ್ನಾಗಿ ಗೊತ್ತು. ಆದರೆ ವಿಮರ್ಶಕ ಕೇಳಬೇಕಾದದ್ದು, ಕಥೆಯಲ್ಲಿ ಜಾತಕ ಯಾವ ಕೆಲಸ ಮಾಡುತ್ತದೆ ಎಂದು. 24ಕ್ಕೆ ಸಾವು ಮೊದಲೇ ಬರೆದಿತ್ತು ಎಂದಾದರೆ ಆ ಸಾವಿಗೆ ಯಾರೂ ಹೊಣೆಯಲ್ಲ. ಕಂಪನಿಯೂ ಅಲ್ಲ, ನಿಜಾಮನೂ ಅಲ್ಲ, ಅಪ್ಪನೂ ಅಲ್ಲ. ರಾಜನ ಬಾಳಿನಲ್ಲಿ ಮುಂದಿನ ಹಂತಗಳು ಇರಲೇ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಬದುಕಿದ್ದರೆ 1877ರಲ್ಲಿ, ಈ ಪುಸ್ತಕ ಅಚ್ಚಾದ ವರ್ಷ, ಅವನಿಗೆ 43ರ ಆಸುಪಾಸು ಆಗಿರುತ್ತಿತ್ತು. ತನ್ನ ಬಗ್ಗೆ ಬರೆದದ್ದನ್ನು ತಾನೇ ಓದಿ ‘ಹೀಗಲ್ಲ ಅಪ್ಪಾ’ ಎನ್ನಬಹುದಾಗಿತ್ತು. ಆತ್ಮಕಥೆ ಎಂಬ ಪ್ರಕಾರದ ಗುಟ್ಟು ಇದೇ. ಎಲ್ಲ ಹಂತಗಳನ್ನೂ ಕೊನೆಯ ಹಂತದವರೆಗೆ ಉಳಿದವನು ಹೇಳುತ್ತಾನೆ. ನಡುವೆ ಸತ್ತವರು ಸತ್ತ ವಯಸ್ಸಿನಲ್ಲೇ ಅದರೊಳಗೆ ನಿಂತುಬಿಡುತ್ತಾರೆ.

ಹಾಗಾದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರವೇ ಇಲ್ಲವೇ? ಇದೆ ಎಂದು ಈಗ ನನಗೆ ಅನಿಸುತ್ತದೆ. ಅದು ಪುಸ್ತಕದಲ್ಲೇ ಇದೆ, ಟೇಲರನ ಕೈಮೀರಿ ಬಂದಿದೆ.

ಸೆರೆಯಲ್ಲಿದ್ದ ರಾಜನನ್ನು ಟೇಲರ್ ನೋಡಲು ಹೋಗುತ್ತಾನೆ. ಹುಡುಗ ಓಡಿಬಂದು ತಬ್ಬಿಕೊಳ್ಳುತ್ತಾನೆ, ಅಪ್ಪಾ ಎನ್ನುತ್ತಾನೆ. ದೃಶ್ಯ ಎದೆ ಕಲಕುವಂತಿದೆ. ನಿನ್ನನ್ನು ಈ ದಾರಿಗೆ ಹಚ್ಚಿದವರು ಯಾರು, ಹೆಸರು ಹೇಳು ಎಂಬ ಮಾತು ಬರುತ್ತದೆ. ಹೇಳಿದರೆ ಅನುಕೂಲವಾದೀತು. ರಾಜ ಹೇಳುವುದಿಲ್ಲ. ಜೀವ ಉಳಿಸಿಕೊಳ್ಳಲು ಹೇಡಿಯಂತೆ ಬೇಡಿಕೊಳ್ಳುವುದಿಲ್ಲ, ಬೇರೆಯವರನ್ನು ಹಿಡಿದುಕೊಡುವುದಿಲ್ಲ ಎಂಬ ಅರ್ಥದ ಮಾತಾಡುತ್ತಾನೆ. ಸಾವಿಗಿಂತ ಸೆರೆಯೇ ತನಗೆ ಹೆಚ್ಚು ಭಯ ಎನ್ನುತ್ತಾನೆ, ಸಾಮಾನ್ಯ ಬೇಡನೇ ಸೆರೆಯಲ್ಲಿ ಬದುಕಲಾರ, ರಾಜ ಹೇಗೆ ಬದುಕಿಯಾನು ಎನ್ನುತ್ತಾನೆ.

ದೊಡ್ಡವನಾಗುವುದು ಎಂದರೆ ಇದೇ ಅಲ್ಲವೇ? ಪ್ರೀತಿಸುವ ಅಪ್ಪನ ಮುಂದೆ ನಿಂತು, ಅವನನ್ನು ಅಪ್ಪಾ ಎಂದೇ ಕರೆಯುತ್ತ, ಅವನು ಕೇಳಿದ್ದಕ್ಕೆ ಆಗುವುದಿಲ್ಲ ಎನ್ನುವುದು. ತನ್ನ ಮಾತಿನ ಬೆಲೆ ತಾನೇ ತೆರುವುದು. ಟೇಲರ್ ಈ ದೃಶ್ಯವನ್ನು ಪ್ರಾಮಾಣಿಕವಾಗಿ ಬರೆದಿದ್ದಾನೆ, ಒಂದು ಮಾತೂ ಮುಚ್ಚಿಟ್ಟಂತೆ ಕಾಣುವುದಿಲ್ಲ. ಅದು ಅವನ ದೊಡ್ಡತನ. ಆದರೆ ತನ್ನೆದುರು ಮಗು ಗಂಡಸಾಗಿ ನಿಂತದ್ದು ಅವನಿಗೆ ಕಾಣಲಿಲ್ಲ. ಅವನು ಅತ್ತದ್ದು ಹಾಳಾದ ಮಗುವಿಗಾಗಿ. ಕಣ್ಣು ಹೋಗುವುದಕ್ಕೆ 17 ವರ್ಷ ಮೊದಲಿನ ಮಾತು ಇದು.

ಒಳ್ಳೆಯ ಪುಸ್ತಕಗಳ ಲಕ್ಷಣ ಇದು. ಬರೆದವನು ಒಂದು ಹೇಳಹೊರಟಿರುತ್ತಾನೆ, ಬರೆದ ಸಂಗತಿ ಇನ್ನೊಂದನ್ನು ಹೇಳುತ್ತಿರುತ್ತದೆ. ಹಾಗಾಗಿ ಟೇಲರನನ್ನು ವಸಾಹತುಶಾಹಿ ಎಂದು ಒಂದೇ ಮಾತಿನಲ್ಲಿ ಮೂಲೆಗೆ ಸರಿಸುವವರ ಜೊತೆ ನಾನಿಲ್ಲ. ಅವನನ್ನು ಪ್ರಜೆಗಳ ಅಪ್ಪ ಎಂದು ಹಾಡಿಹೊಗಳುವವರ ಜೊತೆಗೂ ಇಲ್ಲ. ಅವನ ಪುಸ್ತಕವನ್ನು ಅವನಿಗಿಂತ ಚೆನ್ನಾಗಿ ನಾವು ಓದಬಲ್ಲೆವು, ಏಕೆಂದರೆ ‘ಅಪ್ಪ’ ಎಂಬ ಪದ ನಮ್ಮದು.

ಈ ಓದಿಗೆ ಬಲ ಕೊಡುವ ಒಂದು ಮಾತು ಇದೇ ನೆಲದಲ್ಲಿದೆ. ದೇವರ ದಾಸಿಮಯ್ಯನ ಊರೆಂದು ಹೇಳುವ ಮುದನೂರು ಸುರಪುರ ಸೀಮೆಯದೇ. ದೇಹಕ್ಕೆ ಬರುವ ಗುರುತುಗಳನ್ನು ಕಂಡು ಜನ ಇದು ಹೆಣ್ಣು, ಇದು ಗಂಡು ಎಂದು ಹೆಸರಿಡುತ್ತಾರೆ, ಒಳಗಿರುವ ಆತ್ಮ ಎರಡೂ ಅಲ್ಲ ಎಂಬ ಅವನ ವಚನ ಎಲ್ಲರಿಗೂ ಗೊತ್ತು. ನಾವದನ್ನು ಹೆಣ್ಣು ಗಂಡಿನ ಸಮಾನತೆಯ ವಚನವಾಗಿ ಓದುತ್ತೇವೆ, ಅದು ಸರಿ. ಆದರೆ ಅವನು ಹೇಳುವ ಗುರುತುಗಳು ಕೂಸಿನಲ್ಲಿ ಇರುವವಲ್ಲ. ಪ್ರಾಯದೊಂದಿಗೆ ಬರುವಂಥವು. ಅಂದರೆ ಅದು ವಯಸ್ಸಿನ ವಚನವೂ ಹೌದು. ಕಾಲ ದೇಹದ ಮೇಲೆ ಬರೆಯುವುದನ್ನು ನೋಡಿ ಒಳಗಿನವರನ್ನು ಅಳೆಯಬೇಡಿ ಎನ್ನುತ್ತದೆ. ಮೆಟ್ಟಿಲು ಕಟ್ಟಿ ಕಾಯುವವರಿಗೆ ಇದಕ್ಕಿಂತ ದೊಡ್ಡ ಆಕ್ಷೇಪಣೆ ಬೇಕಿಲ್ಲ. ನೇಯ್ಗೆಯ ಕಾಯಕದವನೊಬ್ಬ ಅದನ್ನು ಟೇಲರನಿಗಿಂತ ಶತಮಾನಗಳ ಮೊದಲೇ ಹೇಳಿದ್ದ.

ನಮ್ಮ ಭೀಮರಾಯನಗುಡಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪು. ಇಲ್ಲಿ ಬಾಳಿನ ಹಂತಗಳು ಸರ್ವಿಸ್ ರಿಜಿಸ್ಟರಿನಲ್ಲಿವೆ. ಆರ್ಡರ್ ಬಂದರೆ ಕೆಲಸಕ್ಕೆ ಸೇರುವುದು, ದರ್ಜೆಗೆ ತಕ್ಕ ಕ್ವಾರ್ಟರ್ಸು, ನಿವೃತ್ತಿಯಾದರೆ ಖಾಲಿ ಮಾಡುವುದು. ತೊಟ್ಟಿಲು ಕಟ್ಟಿದ ಮನೆಗಳಿವೆ, ಮದುವೆಯ ಚಪ್ಪರ ಹಾಕಿದ ಮನೆಗಳಿವೆ. ಆದರೆ ಕ್ವಾರ್ಟರ್ಸಿನಲ್ಲಿ ಮುಪ್ಪಿಗೆ ಜಾಗವಿಲ್ಲ, ಮುದುಕರಾಗಲು ಬೇರೆ ಊರಿಗೆ ಹೋಗಬೇಕು. ನಮ್ಮ ಓದಿನ ಗುಂಪಿನಲ್ಲಿ ನಿವೃತ್ತಿಯ ಹೊಸ್ತಿಲಲ್ಲಿದ್ದ ಹಿರಿಯರೊಬ್ಬರಿದ್ದರು. ಪುಸ್ತಕ ಮುಗಿದ ಭಾನುವಾರ ಅವರು, “ನಮ್ಮದೂ ಅದೇ ಕಥಿ. ದೊಡ್ಡಾಂವ ಆದಿ ಅಂತ ಆರ್ಡರ್ ಕೊಟ್ಟೋರು ಅವರೇ, ಮುದುಕ ಆದಿ ಹೋಗು ಅನ್ನೋರೂ ಅವರೇ” ಎಂದು ನಕ್ಕರು.

ಪ್ರಶ್ನೆ ಕೇಳಿದ ಹುಡುಗಿ ನಗಲಿಲ್ಲ. ಮನೆಯಲ್ಲಿ ಅವಳಿಗೆ ಗಂಡು ನೋಡುತ್ತಿದ್ದರು. ಮದುವೆಗೆ ಸಾಕಷ್ಟು ದೊಡ್ಡವಳು, ಕಲಬುರಗಿಗೆ ಹೋಗಿ ಎಂ.ಎ. ಓದಲು ಇನ್ನೂ ಚಿಕ್ಕವಳು ಎಂಬುದು ಮನೆಯವರ ಲೆಕ್ಕ. ರಾಜ ಯಾವಾಗ ದೊಡ್ಡವನಾದ ಎಂದು ಅವಳು ಯಾಕೆ ಕೇಳಿದಳೆಂದು ನನಗೆ ತಿಳಿದದ್ದು ಆಗ. ಸೆರೆಮನೆಯ ಆ ಪುಟವನ್ನು ಮತ್ತೊಮ್ಮೆ ಓದೋಣ ಎಂದೆ. ಅವಳೇ ಜೋರಾಗಿ ಓದಿದಳು.